ಎಂಟನೇ ತಂತಿಯ ಅಡಿಯಲ್ಲಿ

ಅಂಗಡಿಯ ಹಿಂದಿನ ಕೋಣೆಯಿಂದ,
ಮಾರ್ಚ್ ಹದಿನೈದು, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ದೊರೆಗೆ,

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಗೆ ಇಳಿಯುವಾಗ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಿದ್ದೀರಿ ತಾನೇ? ಐದು ನಿಮಿಷದ ಕೆಲಸಕ್ಕೆ ಅದೆಲ್ಲ ಯಾಕೆ ಎಂದು ಉಡಾಫೆ ಮಾಡಬೇಡಿ. ಆ ಕಿವಿ ನಿಮ್ಮೊಬ್ಬರ ಆಸ್ತಿಯಲ್ಲ, ನಮ್ಮ ಇಡೀ ಬ್ಯಾಂಡಿನದು. ಈ ಕಾಗದ ಓದಿ ಮುಗಿಸಿದ ಮೇಲೆ ಅದರಿಂದ ನನಗೊಂದು ದೊಡ್ಡ ಕೆಲಸವೂ ಆಗಬೇಕಿದೆ. ಅತ್ತೆ ಚೆನ್ನಾಗಿದ್ದಾರೆ. ಮಂಡಿಗೆ ಡಾಕ್ಟರು ಹೇಳಿದ ವ್ಯಾಯಾಮ ಮಾಡಿ ಎಂದರೆ "ಮಗ ಬರ್ಲಿ, ಆಮೇಲೆ ಮಾಡ್ತೀನಿ" ಅನ್ನುತ್ತಾರೆ. ಅವರ ಮಂಡಿಗೂ ನಿಮ್ಮ ಹಡಗಿಗೂ ಏನು ನಂಟೋ ನನಗಂತೂ ತಿಳಿಯದು. ಅಂಗಡಿಯಲ್ಲಿ ಕೆಲಸ ಬೇಕಾದಷ್ಟಿದೆ. ಹೋದ ವಾರ ಹಲ್ಲಿನ ಡಾಕ್ಟರ ಕುರ್ಚಿಯೊಂದು ಬಂದಿತ್ತು. ಹೊಸ ಸ್ಪಂಜು, ಹೊಸ ರೆಕ್ಸಿನ್ ಹಾಕಿ, ಹೊಲಿಗೆ ಕಾಣದ ಹಾಗೆ ಮುಗಿಸಿದೆ. ಒಮ್ಮೆ ಒರಗಿ ನೋಡಿ, ಕುತ್ತಿಗೆಗೆ ಸರಿಯಾಗಿದೆಯೇ ಹೇಳಿ ಎಂದು ಅತ್ತೆಯನ್ನು ಕರೆದರೆ, ಹಲ್ಲು ಕಿತ್ತೇಬಿಡುತ್ತೇನೇನೋ ಎಂಬಂತೆ ಬಾಯಿಗೆ ಸೆರಗು ಮುಚ್ಚಿಕೊಂಡು ಓಡಿದರು. ಮಂಡಿ ನೋವಿನವರ ಓಟ ನೀವು ನೋಡಬೇಕಿತ್ತು.

ಇದನ್ನೆಲ್ಲ ಫೋನಿನಲ್ಲಿ ಹೇಳದೆ ಕಾಗದ ಬರೆಯಲು ಏನು ಬಂತು ಎಂದು ನೀವು ಹುಬ್ಬು ಗಂಟಿಕ್ಕುತ್ತಿರಬಹುದು. ಕಾರಣ ಫೋನೇ. ಹೋದ ತಿಂಗಳು ನಿಮ್ಮ ಹಡಗು ಬಂದರಿನಲ್ಲಿದ್ದಾಗ ನಿಮ್ಮ ತಮ್ಮ ನಮ್ಮ ಅಭ್ಯಾಸದ ರೆಕಾರ್ಡಿಂಗ್ ಅನ್ನು ನಿಮಗೆ ಫೋನಿನಲ್ಲಿ ಕೇಳಿಸಿದ. ಒಂದು ಸಲ ನಾನು ನುಡಿಸುವ ತಗ್ಗಿನ ಸ್ವರದ ಬೇಸ್ ಗಿಟಾರು ಸೇರಿಸಿ, ಒಂದು ಸಲ ಬೇಸ್ ಇಲ್ಲದೆ. ನೀವು ಕೇಳಿ ಏನಂದಿರಿ, ನೆನಪಿದೆಯೇ? "ಎರಡೂ ಒಂದೇ ಥರ ಕೇಳ್ತಿದೆ ಕಣೋ. ಬೇಸ್ ಇದ್ರೂ ಅಷ್ಟೆ, ಇಲ್ದಿದ್ರೂ ಅಷ್ಟೆ. ನಮ್ಮ ಗಿಟಾರೇ ಅಷ್ಟು ಕೆಳಗಿದೆಯಲ್ಲ. ಅವಳಿಗ್ಯಾಕೆ ಸುಮ್ನೆ ತೊಂದ್ರೆ?" ನಾನು ಪಕ್ಕದಲ್ಲೇ ರೆಕ್ಸಿನ್ ಕತ್ತರಿಸುತ್ತಿದ್ದೆ. ಅಷ್ಟು ವರ್ಷಗಳಿಂದ ನೇರವಾಗಿ ಹೋಗುತ್ತಿದ್ದ ಕೈ ಅವತ್ತು ಸೊಟ್ಟಗೆ ಹೋಯಿತು. ನನ್ನ ತೊಂದರೆಯ ಬಗ್ಗೆ ನಿಮಗಿರುವ ಕಾಳಜಿಗೆ ಕೈ ಮುಗಿದೆ. ಆದರೆ ದೊರೆಗಳೇ, ಅಂಗೈಯಗಲದ ಫೋನಿನ ಕಡಲೆಕಾಳಿನಷ್ಟು ಸ್ಪೀಕರಿನಲ್ಲಿ ಬೇಸ್ ಎಲ್ಲಿಂದ ಕೇಳಬೇಕು? ಅಷ್ಟು ತಗ್ಗಿನ ಸದ್ದನ್ನು ಹೊರಡಿಸುವ ಶಕ್ತಿಯೇ ಅದಕ್ಕಿಲ್ಲ. ಅದರಲ್ಲಿ ನನ್ನ ಬೇಸ್ ಮಾತ್ರವಲ್ಲ, ನೀವು ಹೆಮ್ಮೆಪಡುವ ನಿಮ್ಮ ಗಿಟಾರಿನ ಎಂಟನೇ ತಂತಿಯೂ ಪೂರ್ತಿ ಕೇಳುವುದಿಲ್ಲ. ಶ್ರುತಿ, ತಾಳ ಎಂದು ಊರಿಗೆಲ್ಲ ಪಾಠ ಹೇಳುವ ನೀವು ಇಷ್ಟು ಸಣ್ಣ ವಿಷಯ ಮರೆತು ತೀರ್ಪು ಕೊಟ್ಟುಬಿಟ್ಟಿರಿ.

ನಿಮಗದು ತೋಚಿದ್ದನ್ನು ಹೇಳಿದ ಹಾಗೆ. ಇಲ್ಲಿ ಮಾತ್ರ ಅದು ತೀರ್ಮಾನವೇ ಆಗಿಹೋಯಿತು. ಅಣ್ಣನ ಮಾತೆಂದರೆ ನಿಮ್ಮ ತಮ್ಮನಿಗೆ ಕಲ್ಲಿನ ಮೇಲೆ ಬರೆದ ಹಾಗೆ. ಮಾರನೆಯ ದಿನವೇ "ಅತ್ತಿಗೆ, ಈ ಆಲ್ಬಮ್ಮಿಗೆ ಬೇಸ್ ಬೇಡ ಅಂತ ಅಂದ್ಕೊಂಡಿದ್ದೀವಿ, ನೀವು ಬೇಜಾರು ಮಾಡ್ಕೋಬೇಡಿ" ಅಂದ. ಡ್ರಮ್ ಬಾರಿಸುವ ನಮ್ಮ ಟೈರು ಅಂಗಡಿಯವರು ತಮ್ಮ ಬೂಟು ನೋಡುತ್ತ ಕೂತರು. ಹಾಡುವ ಶಿಶುವಿಹಾರದ ಮೇಷ್ಟ್ರು, ವೇದಿಕೆಯ ಮೇಲೆ ಹುಲಿಯಂತೆ ಗರ್ಜಿಸುವವರು, ಹಾಡಿನ ಪುಸ್ತಕದೊಳಗೆ ಮುಖ ಹುದುಗಿಸಿಕೊಂಡರು. ನನಗೆ ಸಿಟ್ಟು ಬಂತು ಎಂದರೆ ಕಡಿಮೆಯಾಯಿತು. ಮದುವೆಗೆ ಮುಂಚಿನಿಂದ ಬೇಸ್ ಹಿಡಿದವಳು ನಾನು. ಈ ಬ್ಯಾಂಡಿಗೆ ಅಭ್ಯಾಸ ಮಾಡಲು ಜಾಗ ಕೊಟ್ಟವಳೂ ನಾನೇ. ಈ ಕೋಣೆಯ ನಾಲ್ಕು ಗೋಡೆಗೂ ಸ್ಪಂಜಿನ ಹಾಳೆ ಒರಗಿಸಿ ನಿಲ್ಲಿಸಿದ್ದರಿಂದಲ್ಲವೇ ಅಕ್ಕಪಕ್ಕದವರು ಇನ್ನೂ ನಮ್ಮನ್ನು ಬೈಯದೆ ಬಿಟ್ಟಿರುವುದು? ನೀವಿಬ್ಬರು ಅಣ್ಣತಮ್ಮಂದಿರು ಎಂಟು ತಂತಿಯ ಗಿಟಾರು ತಂದಿರಿ, ಅದೂ ಸಾಲದೆ ಶ್ರುತಿ ಇಳಿಸಿ ಇಳಿಸಿ, ಕೊನೆಯ ತಂತಿಯನ್ನು ನನ್ನ ಬೇಸಿನ ದಪ್ಪ ತಂತಿಯ ಸ್ವರಕ್ಕೇ ತಂದಿರಿ. ಬಸ್ಸಿನಲ್ಲಿ ನನ್ನ ಸೀಟಿಗೆ ನೀವು ಬಂದು ಕೂತು, ಈಗ ನಿನಗೆ ಜಾಗವಿಲ್ಲ, ಇಳಿದುಬಿಡು ಎಂದ ಹಾಗಾಯಿತು ನನ್ನ ಪಾಡು. ನಾನು ಆಲ್ಬಮ್ಮಿಗೆ ಇನ್ನೂ ನುಡಿಸಿಯೇ ಇರಲಿಲ್ಲವಾದ್ದರಿಂದ ನನ್ನ ಒಪ್ಪಿಗೆ ಕೇಳಬೇಕೆಂದೂ ಯಾರಿಗೂ ಅನಿಸಲಿಲ್ಲ.

ಸಿಟ್ಟಿನಲ್ಲಿ ನಾನು ಮೊದಲು ಮಾಡಿದ್ದು ಶುದ್ಧ ಪೆದ್ದುತನ. ನಗಬೇಡಿ. ಗಿಟಾರು ನನ್ನ ಸ್ವರಕ್ಕೆ ಇಳಿದರೆ ನಾನು ಅದಕ್ಕಿಂತ ಇನ್ನೂ ಒಂದು ಸ್ಥಾಯಿ ಕೆಳಗೆ ಇಳಿಯುತ್ತೇನೆ, ಆಗ ಯಾರು ಬಂದು ಕೂರುತ್ತಾರೋ ನೋಡೋಣ ಎಂದು ಹಟ ಹಿಡಿದೆ. ಸಿಕ್ಕಿದ್ದರಲ್ಲೆಲ್ಲ ದಪ್ಪನೆಯ ತಂತಿ ತರಿಸಿ ಹಾಕಿದೆ. ಅದು ಕೂರಲೆಂದು ಬೇಸಿನ ತುದಿಯಲ್ಲಿ ತಂತಿ ಹಾಯುವ ಕಚ್ಚನ್ನು ಅರದಿಂದ ಉಜ್ಜಿದೆ. ಆಮೇಲೆ ಶ್ರುತಿ ಇಳಿಸಿದೆ. ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲು ಬಿತ್ತು. ಮೀಟಿದರೆ ಪಟಪಟ ಎಂದು ಮರಕ್ಕೆ ಬಡಿಯುವ ಸದ್ದು ಬಿಟ್ಟರೆ ಸ್ವರವೇ ಇಲ್ಲ. ಸ್ಪೀಕರಿನ ಪರದೆ ಮಾತ್ರ ಏದುಸಿರು ಬಿಡುವ ಹಾಗೆ ಮುಂದಕ್ಕೂ ಹಿಂದಕ್ಕೂ ಹೋಗುತ್ತಿತ್ತು. ಒಳಗಿನಿಂದ ಅತ್ತೆ ಬಂದು, "ಏನೇ ಇದು, ಅಡುಗೆಮನೆ ಪಾತ್ರೆ ಎಲ್ಲಾ ನಡುಗ್ತಾ ಇದೆ, ಕೇಳಕ್ಕೆ ನೋಡಿದ್ರೆ ಏನೂ ಇಲ್ಲ. ನುಡಿಸ್ತಾ ಇದ್ದೀಯೋ, ಇಲ್ಲಾ ಸುಮ್ನೆ ಕೂತಿದ್ದೀಯೋ?" ಅಂದರು. ಅದಕ್ಕಿಂತ ಚೆನ್ನಾಗಿ ಯಾರೂ ಬೈಯಲಾರರು. ತಂತಿ ಬಿಚ್ಚಿ ಸುತ್ತಿಟ್ಟೆ, ಎರಡು ದಿನ ಬೇಸ್ ಮುಟ್ಟಲಿಲ್ಲ.

ಮೂರನೆಯ ದಿನ, ಒಂದು ಸೋಫಾಗೆ ಮೊಳೆ ಹೊಡೆಯುತ್ತ, ನೀವು ಹಡಗು ಹತ್ತುವ ಮುಂಚೆ ನುಡಿಸಿಟ್ಟು ಹೋದ ಗಿಟಾರನ್ನಷ್ಟೇ ಹಾಕಿಕೊಂಡು ಕೇಳಿದೆ. ಡ್ರಮ್ಮಿಲ್ಲ, ಹಾಡಿಲ್ಲ, ಬರೀ ನೀವು. ಮೊದಲು ಸಿಟ್ಟಿನಿಂದಲೇ ಕೇಳಿದೆ, ಎಲ್ಲಿ ತಪ್ಪು ಸಿಗುತ್ತದೆ ನೋಡೋಣ ಎಂದು. ತಪ್ಪು ಸಿಗಲಿಲ್ಲ, ಬೇರೆಯೇ ಒಂದು ಸಂಗತಿ ಸಿಕ್ಕಿತು. ಗಿಟಾರಿನ ಕತ್ತು ಗಿಡ್ಡ. ಅಷ್ಟು ಕೆಳಗಿನ ಶ್ರುತಿಗೆ ಅದರ ತಂತಿ ಸಡಿಲವಾಗಿಬಿಡುತ್ತದೆ. ನೀವು ಜೋರಾಗಿ ಹೊಡೆದಾಗಲೆಲ್ಲ ಸ್ವರ ಒಂದು ಚೂರು ಮೇಲಕ್ಕೆ ಹಾರಿ, ಆಮೇಲೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಸದ್ದು ದೊಡ್ಡದೇ, ಬುಡ ಮಾತ್ರ ಗಟ್ಟಿಯಿಲ್ಲ. ನನ್ನ ಬೇಸಿನ ಕತ್ತು ಉದ್ದ, ಅದೇ ಸ್ವರದಲ್ಲಿ ನನ್ನ ತಂತಿ ಬಿಗಿಯಾಗಿಯೇ ಇರುತ್ತದೆ, ಹೊಡೆದರೆ ಹೊಡೆದಲ್ಲೇ ನಿಲ್ಲುತ್ತದೆ. ಅಂದ ಮೇಲೆ ನಾನು ನಿಮಗಿಂತ ಕೆಳಗೆ ಹೋಗುವುದೇನಿದೆ? ನೀವಿರುವ ಸ್ವರದಲ್ಲೇ, ನೀವು ಹೊಡೆದ ಗಳಿಗೆಯಲ್ಲೇ ನಾನೂ ಹೊಡೆದರೆ ಸಾಕು. ಹೊಳೆದದ್ದೇ ತಡ, ಸುತ್ತಿಗೆ ಬಿಸಾಡಿ ಎದ್ದೆ. ಸೋಫಾದ ಯಜಮಾನರು ಬಂದು ಕೇಳಿದರೆ ಅರ್ಧ ಮೊಳೆ ಹೊಡೆದ ಸೋಫಾ ಅಲ್ಲೇ ಇತ್ತು. ಅತ್ತೆ ಅವರನ್ನು ಏನೋ ಹೇಳಿ ಸಾಗಹಾಕಿದರು.

ಹೇಳುವುದು ಸುಲಭ, ನಿಮ್ಮ ಕೈಯ ಜೊತೆ ಕೈ ಸೇರಿಸುವುದು ಸುಲಭವಲ್ಲ ಕಣ್ರೀ. ಬೆರಳಿನಲ್ಲಿ ಮೀಟಿದರೆ ನನ್ನ ಸದ್ದು ನಿಮ್ಮದಕ್ಕಿಂತ ಮೆತ್ತಗೆ, ಒಂದು ಕೂದಲೆಳೆ ತಡವಾಗಿ ಬರುತ್ತಿತ್ತು. ಹಾಗಾಗಿ ಇಷ್ಟು ವರ್ಷ ಬೆರಳಿನಲ್ಲೇ ನುಡಿಸಿದವಳು, ನಿಮ್ಮ ಹಾಗೆಯೇ ತಂತಿ ಮೀಟುವ ಪಿಕ್ ಬಿಲ್ಲೆ ಹಿಡಿದು ಹೊಸದಾಗಿ ಕಲಿತೆ. ಹೆಬ್ಬೆರಳಿನ ಪಕ್ಕ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಯಿತು. ದಿನವೂ ಅಂಗಡಿ ಕೆಲಸ ಮುಗಿದ ಮೇಲೆ ಸಂಜೆ ನಿಮ್ಮ ಗಿಟಾರು ಹಾಕಿಕೊಂಡು ಕೂರುತ್ತಿದ್ದೆ. ಹೀಗೆ ಕೂತು ಕೂತು ನಿಮ್ಮ ಕೈಯ ಚಾಳಿಯೆಲ್ಲ ನನಗೆ ಗೊತ್ತಾಯಿತು. ಮೂರನೆಯ ಹಾಡಿನ ತಿರುವು ಬರುವ ಮುಂಚೆ ನೀವು ಒಂದಿಷ್ಟು ಆತುರಪಡುತ್ತೀರಿ, ಬಸ್ಸು ಬರುವ ಮೊದಲೇ ಎದ್ದು ನಿಲ್ಲುವ ಹಾಗೆ. ಐದನೆಯದರ ಕೊನೆಯಲ್ಲಿ ಸುಸ್ತಾಗಿದ್ದೀರಿ, ಆದರೂ ಬಿಟ್ಟಿಲ್ಲ. ಎರಡನೆಯ ಹಾಡು ಮುಗಿದ ಮೇಲೆ ನೀವು ಕೆಮ್ಮುವುದೂ ರೆಕಾರ್ಡಾಗಿದೆ. ಅದನ್ನು ಕೇಳಿದ ದಿನ ನಾನು ನುಡಿಸುವುದು ನಿಲ್ಲಿಸಿ ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ. ನೀವು ಮನೆಯಲ್ಲಿದ್ದಾಗಲೂ ನಾನು ನಿಮ್ಮನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ನಿಮ್ಮ ಮೇಲಿನ ಸಿಟ್ಟು ಅಲ್ಲಲ್ಲೇ ಕರಗುತ್ತಿತ್ತು, ನಾನೇ ಹಿಡಿದು ಹಿಡಿದು ಇಟ್ಟುಕೊಂಡೆ, ಬೇಕಾಗುತ್ತದೆ ಎಂದು.

ಆಮೇಲೆ ಸ್ಟುಡಿಯೋಗೆ ಹೋದೆ. ರೆಕಾರ್ಡಿಂಗ್ ಮಾಡುವ ನಮ್ಮ ಕತ್ತರಿಯವರು (ಯಾವ ಸದ್ದು ಕಂಡರೂ ಬೇಡದ್ದನ್ನು ಕತ್ತರಿಸುತ್ತಾರೆಂದು ನೀವೇ ಇಟ್ಟ ಹೆಸರು, ಈಗ ಅವರ ಹೆಂಡತಿಯೂ ಹಾಗೇ ಕರೆಯುತ್ತಾರೆ) ಒಬ್ಬರೇ ಇದ್ದರು. ಒಂದೇ ಒಂದು ಹಾಡಿಗೆ ಬೇಸ್ ನುಡಿಸುತ್ತೇನೆ, ಚೆನ್ನಾಗಿಲ್ಲದಿದ್ದರೆ ನೀವೇ ಅಳಿಸಿಬಿಡಿ ಎಂದೆ. ಅವರು ತಲೆ ಕೆರೆದುಕೊಂಡು, "ನೋಡಮ್ಮ, ಅಣ್ಣತಮ್ಮ ಇಬ್ರೂ ಎರಡೆರಡು ಸಲ ನುಡಿಸಿ ನಾಲ್ಕು ಸಾಲು ಗಿಟಾರ್ ಆಗ್ಲೇ ಅಲ್ಲಿ ಗಿಜಿಗಿಜಿ ಅಂತಿದೆ, ನಿನ್ನನ್ನ ಎಲ್ಲಿ ಕೂರಿಸ್ಲಿ" ಅಂದರೂ ಮೈಕು ಇಟ್ಟುಕೊಟ್ಟರು. ನುಡಿಸಿದೆ. ಅವರೇ ಇನ್ನೊಂದು ಹಾಡು ಹಾಕಿದರು. ಅದನ್ನೂ ನುಡಿಸಿದೆ. ಬೆಳಿಗ್ಗೆ ಹೋದವಳು ಸಂಜೆಯ ಹೊತ್ತಿಗೆ ಐದೂ ಹಾಡು ಮುಗಿಸಿ ಹೊರಬಂದೆ. ಅವರು ಆಗಲೇ ಗಿಟಾರುಗಳ ಅಡಿಭಾಗವನ್ನು, ಅಂದರೆ ಆ ಗುಂಯ್ ಎನ್ನುವ ತಗ್ಗಿನ ಸದ್ದನ್ನು, ಸವರಲು ಶುರು ಮಾಡಿದ್ದರು. ಅಲ್ಲಿ ಬಿಡುವಾದ ಜಾಗದಲ್ಲಿ ನನ್ನ ಬೇಸ್ ತಂದು ಕೂರಿಸಿದರು. ಮೂಲ ರೆಕಾರ್ಡಿಂಗ್ ಹಾಗೇ ಇದೆ, ಗಾಬರಿಯಾಗಬೇಡಿ. ಇದು ಬರೀ ತೋರಿಸಲು ಮಾಡಿದ್ದು.

ಈಗ ಬರುವುದೇ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಸಂಗತಿ. ಮೊನ್ನೆ ಎಲ್ಲರನ್ನೂ ಸ್ಟುಡಿಯೋಗೆ ಕರೆದೆವು. ಬೇಸಿನ ಮಾತೇ ಎತ್ತಲಿಲ್ಲ. ಕತ್ತರಿಯವರು ಹಾಡು ಹಾಕಿದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ಮೊದಲ ಪೆಟ್ಟು ಬಿದ್ದ ಕೂಡಲೇ ನಿಮ್ಮ ತಮ್ಮ ಕುರ್ಚಿಯಿಂದ ಎದ್ದೇಬಿಟ್ಟ. "ಅಬ್ಬಾ! ಕೇಳಿ ಅತ್ತಿಗೆ, ಕೇಳಿ! ಅಣ್ಣನ ಗಿಟಾರ್ ಹೇಗೆ ಎದೆಗೆ ಗುದ್ದುತ್ತೆ ನೋಡಿ! ನಾನು ಹೇಳಲಿಲ್ವಾ, ಎಂಟನೇ ತಂತಿ ಇದ್ರೆ ಬೇರೇನೂ ಬೇಡ ಅಂತ!" ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಟೈರು ಅಂಗಡಿಯವರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನಿಮ್ಮ ತಮ್ಮ ಕುಣಿಯುವುದೊಂದು ಬಾಕಿ. ಕತ್ತರಿಯವರು ನನ್ನತ್ತ ಒಮ್ಮೆ ನೋಡಿ, ಹಾಡು ನಡೆಯುತ್ತಿದ್ದ ಹಾಗೆಯೇ ಒಂದು ಗುಂಡಿ ಒತ್ತಿದರು. ಬೇಸ್ ನಿಂತಿತು. ನಿಮ್ಮ ಗಿಟಾರು, ನಿಮ್ಮ ತಮ್ಮನ ಗಿಟಾರು ಎರಡೂ ನಡೆಯುತ್ತಲೇ ಇದ್ದವು, ಆದರೆ ಜೇನುಹುಳು ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ ಜುಂಯ್ ಜುಂಯ್. ಎದ್ದಿದ್ದವನು ಎದ್ದ ಹಾಗೇ ನಿಂತ. "ಏನಾಯ್ತು? ಅಣ್ಣನ ಗಿಟಾರ್ ಎಲ್ಲಿ ಹೋಯ್ತು?" ಅಂದ. ಕತ್ತರಿಯವರು ಮತ್ತೆ ಒತ್ತಿದರು. ಕಾಲಡಿಗೆ ನೆಲ ಬಂದ ಹಾಗಾಯಿತು. ಮತ್ತೆ ಒತ್ತಿದರು, ಹೋಯಿತು. "ಅದು ನಿಮ್ಮ ಅಣ್ಣ ಅಲ್ಲಪ್ಪ, ನಿಮ್ಮ ಅತ್ತಿಗೆ" ಅಂದರು.

ಆ ಹೊತ್ತು ನನಗೇನನಿಸಿತು ಎಂದು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಹೆಮ್ಮೆಯಾಯಿತು. ಮುಖ ತಗ್ಗಿಸಿ, ಅಯ್ಯೋ ನನ್ನದೇನಿದೆ ಎಂದೆಲ್ಲ ಹೇಳುವವಳು ನಾನಲ್ಲ, ಅದು ನಿಮಗೆ ಗೊತ್ತು. ನಾನು ಎದ್ದು ನಿಂತು ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದೆ. ಟೈರು ಅಂಗಡಿಯವರು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತಮ್ಮ ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲೇ "ಭೇಷ್, ಭೇಷ್" ಅಂದರು. ನಿಮ್ಮ ತಮ್ಮ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದವನು ಹತ್ತಿರ ಬಂದು, "ಅತ್ತಿಗೆ, ನನ್ನ ಗಿಟಾರಿನದ್ದು ಎಷ್ಟು ಬೇಕೋ ಅಷ್ಟು ತೆಗೀರಿ" ಅಂದ. ಅವನ ಮೇಲೂ ಹೆಮ್ಮೆಯಾಯಿತು. ಅಣ್ಣನ ಮಾತು ಮೀರಿ ಅವನು ಬಾಯಿ ಬಿಟ್ಟದ್ದನ್ನು ನಾನು ಈ ಮನೆಗೆ ಬಂದ ಮೇಲೆ ಅವತ್ತೇ ನೋಡಿದ್ದು.

ಆದರೆ ನಿಮ್ಮದನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ನಾನೂ ಒಪ್ಪಲಿಲ್ಲ. ಹಿಂದೊಮ್ಮೆ ಬೇರೆ ಸ್ಟುಡಿಯೋದವರು ನಮ್ಮ ಟೈರು ಅಂಗಡಿಯವರ ಡ್ರಮ್ಮಿನ ಪೆಟ್ಟನ್ನೆಲ್ಲ ತೆಗೆದು, ಮಿಷಿನ್ನಿನ ಪೆಟ್ಟು ಹಾಕಿ ಕಳಿಸಿದ್ದರಲ್ಲ. ಲಾರಿಯ ಚಕ್ರವನ್ನು ಒಬ್ಬರೇ ಎತ್ತುವ ಮನುಷ್ಯ ಅವತ್ತು ನಮ್ಮೆಲ್ಲರ ಎದುರು ಕಣ್ಣೀರು ಹಾಕಿದ್ದರು. ಆಗ ನೀವೇ ಎದ್ದು ಹೇಳಿದಿರಿ, "ಇನ್ಮುಂದೆ ನುಡಿಸಿದವರನ್ನ ಕೇಳದೆ ಅವರ ಸದ್ದಿಗೆ ಯಾರೂ ಕೈ ಹಾಕಬಾರದು" ಎಂದು. ಅಂದಿನಿಂದ ನಮ್ಮ ಬ್ಯಾಂಡಿಗೆ ಇರುವ ಕಟ್ಟಳೆ ಅದೊಂದೇ. ಅದನ್ನು ಹೇಳಿದ ದಿನ ನಿಮ್ಮ ಮೇಲೆ ನನಗೆ ಎಷ್ಟು ಅಭಿಮಾನ ಬಂದಿತ್ತೆಂದು ನಿಮಗೆ ಎಂದೂ ಹೇಳಿಲ್ಲ, ಈಗ ಹೇಳಿದ್ದೇನೆ. ಹಾಗಾಗಿ ಆಲ್ಬಮ್ ನಿಮ್ಮ ಒಪ್ಪಿಗೆಗಾಗಿ ಕಾದು ಕೂತಿದೆ. ನಿಮ್ಮ ಹಡಗಿಗೆ ಹೊಸದಾಗಿ ಸೇರುತ್ತಿರುವ ಅಡುಗೆಯವರು ಇವತ್ತು ಸಂಜೆ ಹೊರಡುತ್ತಾರೆ. ಅವರ ಕೈಯಲ್ಲಿ ಈ ಕಾಗದ, ಒಂದು ಪೆನ್‌ಡ್ರೈವ್, ಜೊತೆಗೆ ನನ್ನ ಒಳ್ಳೆಯ ಹೆಡ್‌ಫೋನ್ ಕಳಿಸುತ್ತಿದ್ದೇನೆ. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. ಎಂಜಿನ್ನಿನ ಹತ್ತಿರ ಬೇಡ, ಫೋನಿನ ಸ್ಪೀಕರಿನಲ್ಲಂತೂ ಬೇಡವೇ ಬೇಡ. ಮೊದಲು ನೀವು ನುಡಿಸಿದ ಹಾಗೆ ಇರುವುದನ್ನು ಕೇಳಿ, ಆಮೇಲೆ ನಾನು ಸೇರಿರುವುದನ್ನು ಕೇಳಿ. ನಿಮ್ಮ ಗಿಟಾರನ್ನು ಒಂಟಿಯಾಗಿ ಕೇಳಿದರೆ ತೆಳ್ಳಗಾಗಿದೆ ಎಂದು ಹೊಟ್ಟೆ ಉರಿಯುತ್ತದೆ, ಗೊತ್ತು. ಒಂಟಿಯಾಗಿ ಕೇಳಬೇಡಿ. ಅದೀಗ ಒಂಟಿಯಲ್ಲ.

ಬಂದರು ಸಿಕ್ಕ ಕೂಡಲೇ ಹೂಂ ಎಂದೋ ಉಹೂಂ ಎಂದೋ ಒಂದು ಮಾತು ತಿಳಿಸಿ. ಚೆನ್ನಾಗಿ ತಿನ್ನಿ. ಹೊಸ ಅಡುಗೆಯವರು ಒಳ್ಳೆಯವರ ಹಾಗೆ ಕಾಣುತ್ತಾರೆ, ಅವರ ಕೈಯಡುಗೆಗೆ ಹೆಸರಿಡಬೇಡಿ. ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ನಾನು ನುಡಿಸಿದ್ದು ಈ ಸಲ ತಮಗೆ ಚೆನ್ನಾಗಿ ಕೇಳಿಸಿತು ಎಂದೂ ಬರೆಯಲು ಹೇಳಿದರು. ತಮ್ಮ, ಮೇಷ್ಟ್ರು, ಟೈರು ಅಂಗಡಿಯವರು ಎಲ್ಲರೂ ನಿಮ್ಮನ್ನು ನೆನೆಯುತ್ತಾರೆ. ಸಮುದ್ರ ಶಾಂತವಾಗಿರಲಿ, ನಿಮ್ಮ ನಿದ್ದೆಗೆ ಭಂಗ ಬಾರದಿರಲಿ.

ನೀವಿರುವ ಸ್ವರದಲ್ಲೇ ಇರುವ,
ನಿಮ್ಮವಳು

ಮರೆತಿದ್ದೆ. ಅಡುಗೆಯವರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ನೀವು ಉಹೂಂ ಎಂದರೆ ಏನು ಮಾಡುವುದು ಎಂಬ ಮಾತು ನಿನ್ನೆ ಬಂತು. ಬೇಸ್ ತೆಗೆದು ಹಾಕಿ, ಮೊದಲಿದ್ದ ಹಾಗೇ ಆಲ್ಬಮ್ ಕಳಿಸಿಬಿಡಬಹುದಲ್ಲ ಎಂದು ಯಾರೋ ಅಂದರು, ಯಾರೆಂದು ಬೇಡ. ಹಾಗೆ ಮಾಡಲು ಈಗ ಬರುವುದಿಲ್ಲ. ಈಗ ಅದರಲ್ಲಿ ನಾನೂ ನುಡಿಸಿದ್ದೇನೆ. ನುಡಿಸಿದವರನ್ನು ಕೇಳಬೇಕಲ್ಲ, ಕತ್ತರಿಯವರು ನನ್ನನ್ನು ಕೇಳಿದರು. ನಾನು ಆಗುವುದಿಲ್ಲ ಎಂದೆ.